ಸಮಕಾಲೀನ ಕಲಾಭರಣ ಮತ್ತು ಪ್ರಯೋಗಶೀಲ ರತ್ನಕೆತ್ತನೆ

ಚಿನ್ನದ ತೂಕದಿಂದಲೋ ಹರಳಿನ ಕ್ಯಾರೆಟ್ಟಿನಿಂದಲೋ ಬೆಲೆ ಪಡೆಯದೆ, ಮಾಡಿದವರ ಆಲೋಚನೆ ಮತ್ತು ಕುಶಲತೆಯಿಂದ ಅರ್ಥ ಪಡೆಯುವ, ಮೈಮೇಲೆ ಧರಿಸಲೆಂದೇ ರಚಿತವಾದ ಕೃತಿಗೆ ಕಲಾಭರಣ ಎನ್ನುತ್ತಾರೆ. ಎರಡನೆಯ ಮಹಾಯುದ್ಧದ ಆಚೀಚಿನ ವರ್ಷಗಳಲ್ಲಿ ಅಮೆರಿಕ ಮತ್ತು ಯುರೋಪುಗಳಲ್ಲಿ ರೂಪುಗೊಂಡ ಈ ಪ್ರಕಾರಕ್ಕೆ ಇಂದು ತನ್ನದೇ ಗ್ಯಾಲರಿಗಳು, ಕಲಾಶಾಲೆಗಳು, ಸಂಗ್ರಹಾಲಯಗಳು ಇವೆ. ಪ್ರಯೋಗಶೀಲ ರತ್ನಕೆತ್ತನೆ ಇದರ ಒಡಹುಟ್ಟು. ಹರಳನ್ನು ಗೊತ್ತಾದ ಮಾದರಿಗೆ ಸಾಣೆ ಹಿಡಿದು ಕೈಬಿಡದೆ, ಶಿಲ್ಪಿ ಕಲ್ಲನ್ನು ಕಾಣುವಂತೆ ಕಂಡು ಕೊರೆಯುವುದು, ತೋಡುವುದು, ಹಿಂಬದಿಯಿಂದ ಗೀರುವುದು, ಕೆಲವೊಮ್ಮೆ ಬೇಕೆಂದೇ ಒರಟಾಗಿ ಉಳಿಸುವುದು ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತದೆ.

ರತ್ನದ ಬೆಲೆ ಎಲ್ಲಿದೆ ಎಂಬ ಪ್ರಶ್ನೆಯಿಂದಲೇ ಎರಡೂ ಹುಟ್ಟಿದವು. ಉತ್ತರಗಳು ಎದುರುಬದುರಾದವು. ಆಮ್‌ಸ್ಟರ್‌ಡ್ಯಾಮ್, ಮ್ಯೂನಿಕ್‌ಗಳ ಆಭರಣಕಾರರಲ್ಲಿ ಹಲವರು 1960ರ ದಶಕದಿಂದ ಮುಂದೆ ಹರಳನ್ನು ಅಂತಸ್ತಿನ ಗುರುತೆಂದು ಬಗೆದು ಒಡವೆಯಿಂದ ಹೊರಗಿಟ್ಟರು. ಅದೇ ವರ್ಷಗಳಲ್ಲಿ ಜರ್ಮನಿಯ ಮತ್ತೊಂದು ಮೂಲೆಯಲ್ಲಿ, ಸಾಣೆಗಾರರ ಮನೆತನದಲ್ಲಿ ಹುಟ್ಟಿದವರು ಅದೇ ಹರಳಿನೊಳಗೆ ಬೆಳಕಿಗೆ ಹೊಸ ದಾರಿ ಕೊರೆಯುತ್ತಿದ್ದರು. ಈ ಎರಡು ಧಾರೆಗಳು ಬಹುಕಾಲ ಒಂದನ್ನೊಂದು ಗಮನಿಸದೆ ಹರಿದವು. ಇಂದಿನ ಕಲಾಭರಣದಲ್ಲಿ ಗಟ್ಟಿಯಾದದ್ದು ಬಹಳಷ್ಟು ಅವು ಕೂಡಿದ ಮೇಲೆ ಬಂದದ್ದು.

ಪೂರ್ವೇತಿಹಾಸ

ಗಟ್ಟಿ ಕಲ್ಲನ್ನು ಕೊರೆಯುವ ವಿದ್ಯೆ ಬಹಳ ಹಳೆಯದು. ಸಿಂಧೂ ನಾಗರಿಕತೆಯ ಕುಶಲಿಗಳು ಕೆಂಪು ಕಾರ್ನೀಲಿಯನ್ ಕಲ್ಲಿನ ಉದ್ದನೆಯ ಮಣಿಗಳಿಗೆ ಉದ್ದಕ್ಕೂ ರಂಧ್ರ ಕೊರೆಯುತ್ತಿದ್ದರು. ಆ ಪರಂಪರೆಯ ಕೊಂಡಿಯೊಂದು ಗುಜರಾತಿನ ಖಂಭಾತದಲ್ಲಿ ಇಂದಿಗೂ ಬದುಕಿದೆ. ರತನಪುರದ ಸುತ್ತಿನ ಗಣಿಗಳಿಂದ ಬಂದ ಅಗೇಟ್ ಕಲ್ಲನ್ನು ಬಿಸಿಲಿನಲ್ಲಿ ಒಣಗಿಸಿ, ಮಡಕೆಯಲ್ಲಿಟ್ಟು ಸುಟ್ಟು ಬಣ್ಣ ಬರಿಸುತ್ತಾರೆ. ನೆಲದಲ್ಲಿ ಓರೆಯಾಗಿ ನೆಟ್ಟ ಕಬ್ಬಿಣದ ಮೊನೆಗೆ ಕಲ್ಲನ್ನು ಆನಿಸಿ, ಎಮ್ಮೆಯ ಕೊಂಬಿನ ಸುತ್ತಿಗೆಯಿಂದ ಹಗುರವಾಗಿ ಹೊಡೆದು ಚಕ್ಕೆ ಎಬ್ಬಿಸುತ್ತಾರೆ. ಪುಟ್ಟ ವಜ್ರದ ಚೂರುಗಳನ್ನು ತುದಿಗೆ ಕೂರಿಸಿದ ಬಿಲ್ಲುಬೈರಿಗೆಯಿಂದ ರಂಧ್ರ ಮಾಡುತ್ತಾರೆ. ಹರಪ್ಪದ ಮಣಿಗಳನ್ನು ಅರಿಯಲು ಹೊರಟ ಪುರಾತತ್ತ್ವಜ್ಞರು ಖಂಭಾತದ ಕೆಲಸಗಾರರ ಬಳಿ ಕುಳಿತು ಕಲಿತದ್ದು ಇದೇ ಕಾರಣಕ್ಕೆ.

ರೋಮನ್ನರು ಪದರ ಪದರವಾದ ಸಾರ್ಡೋನಿಕ್ಸ್ ಕಲ್ಲಿನಲ್ಲಿ ಬಿಳಿ ಪದರವನ್ನು ಆಕೃತಿಗೂ ಕಂದು ಪದರವನ್ನು ಹಿನ್ನೆಲೆಗೂ ಬಳಸಿ ಉಬ್ಬುಕೆತ್ತನೆ ಮಾಡಿದರು. ಪ್ಯಾರಿಸಿನಲ್ಲಿರುವ ಇಂಥ ಉಬ್ಬುಕೆತ್ತನೆ ‘ಫ್ರಾನ್ಸಿನ ಮಹಾಕ್ಯಾಮಿಯೊ’ ಸುಮಾರು 31 ಸೆಂ.ಮೀ. ಎತ್ತರದ್ದು. ಮೊಗಲರ ಶಿಲ್ಪಿಗಳು ಷಹಜಹಾನನಿಗಾಗಿ 1657ರಲ್ಲಿ ಬಿಳಿ ಜೇಡ್ ಕಲ್ಲಿನ ಮದ್ಯಪಾತ್ರೆಯೊಂದನ್ನು ಕೆತ್ತಿದರು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿರುವ ಆ ಪಾತ್ರೆ ಸೋರೆಯ ಆಕಾರದಲ್ಲಿ ಆರಂಭವಾಗಿ ಆಡಿನ ತಲೆಯಲ್ಲಿ ಕೊನೆಗೊಳ್ಳುತ್ತದೆ, ಅದರ ಬುಡದಲ್ಲಿ ಕಮಲದ ದಳಗಳಿವೆ. ತೈಪೆಯ ರಾಷ್ಟ್ರೀಯ ಅರಮನೆ ಸಂಗ್ರಹಾಲಯದಲ್ಲಿರುವ ಜೇಡ್ ಎಲೆಕೋಸು ಇನ್ನೂ ಕುತೂಹಲದ್ದು. ಅರ್ಧ ಬಿಳಿ, ಅರ್ಧ ಹಸಿರು, ಮೇಲಾಗಿ ಬಿರುಕು ಬಿಟ್ಟ ಕಲ್ಲು ಅದು. ಬಳೆಗೋ ಪಾತ್ರೆಗೋ ಒದಗದ ಕಲ್ಲು. ಚೀನಾದ ಕ್ವಿಂಗ್ ರಾಜವಂಶದ ಕಾಲದ ಕುಶಲಿ ಬಿಳಿಯನ್ನು ದಂಟಾಗಿಸಿ, ಹಸಿರನ್ನು ಎಲೆಯಾಗಿಸಿ, ಬಿರುಕುಗಳನ್ನು ಎಲೆಯ ನರಗಳಲ್ಲಿ ಅಡಗಿಸಿದ. ಕಲ್ಲಿನ ಕುಂದನ್ನೇ ಕೃತಿಯ ತಿರುಳಾಗಿಸುವ ಈ ಜಾಣ್ಮೆಗೆ 20ನೆಯ ಶತಮಾನದ ಪ್ರಯೋಗಕಾರರು ಮತ್ತೆ ಬಂದರು.

ಕರ್ನಾಟಕಕ್ಕೂ ಈ ವಿದ್ಯೆಗೂ ನಂಟು ಉಂಟು. ರಾಯಚೂರು ಜಿಲ್ಲೆಯ ಮಸ್ಕಿಯ ಉತ್ಖನನದಲ್ಲಿ ಅಗೇಟ್, ಕಾರ್ನೀಲಿಯನ್ ಮುಂತಾದ ಕಲ್ಲುಗಳ ಮಣಿಗಳು ದೊರೆತಿವೆ. ಮೂಡುಬಿದಿರೆಯ ಗುರುಬಸದಿಯಲ್ಲಿ ಪಚ್ಚೆ, ಸ್ಫಟಿಕ ಮೊದಲಾದ ರತ್ನಗಳಲ್ಲಿ ಕೆತ್ತಿದ ಪುಟ್ಟ ಜಿನಬಿಂಬಗಳ ಪರಂಪರೆಯಿದೆ. ಭಕ್ತರು ಅವನ್ನು ಸಿದ್ಧಾಂತ ದರ್ಶನವೆಂದು ಕಾಣುತ್ತಾರೆ. ಶೃಂಗೇರಿ ಮಠದ ಪೂಜೆಯಲ್ಲಿ ಸ್ಫಟಿಕ ಲಿಂಗ ನಡುವಿನಲ್ಲಿದೆ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ರಾಜನ ಬೊಕ್ಕಸದ ಭಾಗವಾಗಿ ರತ್ನಗಳ ಪರೀಕ್ಷೆಯನ್ನು ವಿವರಿಸುತ್ತದೆ. ನಮ್ಮ ರತ್ನಶಾಸ್ತ್ರಗಳು ಹರಳನ್ನು ಗುಣ ಮತ್ತು ದೋಷ ಎಂಬ ಎರಡು ಪಟ್ಟಿಗಳಲ್ಲಿ ಅಳೆದವು. ಒಳಗೆ ಗೆರೆ, ಚುಕ್ಕೆ, ಬಿರುಕು ಇದ್ದರೆ ಅದು ದೋಷ. ಆಧುನಿಕ ವ್ಯಾಪಾರ ಈ ಪಟ್ಟಿಯನ್ನು ಇನ್ನಷ್ಟು ಬಿಗಿ ಮಾಡಿತು.

ತೂಕದ ಲೆಕ್ಕ

ಮಾರ್ಸೆಲ್ ಟೋಲ್ಕೋವ್‌ಸ್ಕಿ 1919ರಲ್ಲಿ ದುಂಡು ವಜ್ರದ ಮುಖಗಳಿಗೆ ಸೂಕ್ತವಾದ ಕೋನಗಳನ್ನು ಗಣಿತದಿಂದ ಕಂಡುಹಿಡಿದು ಪ್ರಕಟಿಸಿದ. 1931ರಲ್ಲಿ ಸ್ಥಾಪನೆಯಾದ ಜೆಮಾಲಾಜಿಕಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕ 1950ರ ದಶಕದಲ್ಲಿ ವಜ್ರದ ಬಣ್ಣ, ಶುದ್ಧತೆ, ಕಡಿತ, ತೂಕಗಳಿಗೆ ದರ್ಜೆ ಕೊಡುವ ಪದ್ಧತಿಯನ್ನು ನೆಲೆಗೊಳಿಸಿತು. ಗ್ರಾಹಕನಿಗೆ ಮೋಸವಾಗದಿರಲು ಇದು ಅಗತ್ಯವೇ ಆಗಿತ್ತು. ಆದರೆ ಸಾಣೆಗಾರನ ಸ್ವಾತಂತ್ರ್ಯಕ್ಕೆ ಬಿಗಿಯಾದ ಬೇಲಿ ಬಿತ್ತು. ಕಚ್ಚಾಹರಳಿನಿಂದ ಆದಷ್ಟು ಕಡಿಮೆ ತೂಕ ಕಳೆಯುವುದು, ದೋಷವನ್ನು ಮರೆಮಾಡುವುದು, ಗೊತ್ತಾದ ಆಕಾರಕ್ಕೆ ತರುವುದು ಇಷ್ಟೇ ಅವನ ಕರ್ತವ್ಯವಾಯಿತು. ಪ್ರಯೋಗಶೀಲ ಕೆತ್ತನೆಯ ಚರಿತ್ರೆಯೆಂದರೆ ಈ ಮೂರೂ ಕಟ್ಟಳೆಗಳನ್ನು ಮುರಿದವರ ಚರಿತ್ರೆ.

ಡಿ ಪಟ್ಟಾ ಮತ್ತು ಸ್ಪೆರಿಸೆನ್

ಮೊದಲು ಮುರಿದವರಲ್ಲಿ ಮುಖ್ಯಳು ಕ್ಯಾಲಿಫೋರ್ನಿಯಾದ ಮಾರ್ಗರೆಟ್ ಡಿ ಪಟ್ಟಾ (1903–1964). ಚಿತ್ರಕಲೆ ಕಲಿತು ಬಂದ ಆಕೆಗೆ ಒಡವೆ ಎಂದರೆ ಚಿಕ್ಕ ಪ್ರಮಾಣದ ವಾಸ್ತುಶಿಲ್ಪ. 1940–41ರಲ್ಲಿ ಷಿಕಾಗೋದಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆಯ ಹಿನ್ನೆಲೆಯ ಲಾಸ್ಲೊ ಮೊಹೋಲಿ-ನಾಗಿಯ ಬಳಿ ಓದಿದಳು. ಹರಳನ್ನು ಲೋಹದ ಗೂಡಿನಲ್ಲಿ ಹೂತಿಡದೆ ಗಾಳಿಯಲ್ಲಿ ತೇಲುವಂತೆ ಹಿಡಿಯಬೇಕೆಂಬ ಪಾಠ ಅಲ್ಲಿ ಸಿಕ್ಕಿತು. ಸ್ಯಾನ್ ಫ್ರಾನ್ಸಿಸ್ಕೊದ ಸಾಣೆಗಾರ ಫ್ರಾನ್ಸಿಸ್ ಸ್ಪೆರಿಸೆನ್ ಜೊತೆ ಸೇರಿ ಆಕೆ ರೂಪಿಸಿದ ಹರಳುಗಳಿಗೆ ‘ಆಪ್ಟಿಕಟ್’ ಎಂಬ ಹೆಸರು ಬಂತು. ಪಾರದರ್ಶಕ ಸ್ಫಟಿಕದ ಒಂದು ಮುಖವನ್ನು ಸಪಾಟಾಗಿ, ಮತ್ತೊಂದನ್ನು ಉಬ್ಬಾಗಿ ಉಜ್ಜಿ, ಹಿಂದೆ ಲೋಹದ ಒಂದೇ ಗೆರೆಯಿಟ್ಟರೆ ತೊಟ್ಟವರು ಕದಲಿದಂತೆ ಆ ಗೆರೆ ಎರಡಾಗುತ್ತದೆ, ಬಾಗುತ್ತದೆ, ಮಾಯವಾಗುತ್ತದೆ.

ಡಿ ಪಟ್ಟಾ ಹೆಚ್ಚಾಗಿ ಆರಿಸಿಕೊಂಡದ್ದು ರೂಟೈಲ್ ಖನಿಜದ ಸೂಜಿಗಳು ತುಂಬಿದ ಸ್ಫಟಿಕ. ವ್ಯಾಪಾರಿ ದೋಷವೆಂದು ಪಕ್ಕಕ್ಕಿಡುವ ಒಳಗೆರೆಗಳೇ ಅವಳ ರಚನೆಯ ರೇಖೆಗಳಾದವು. ಸ್ಪೆರಿಸೆನ್ 1950ರಲ್ಲಿ ಸಾಣೆವಿದ್ಯೆಯ ಬಗ್ಗೆ ಪುಸ್ತಕವನ್ನೂ ಬರೆದ. ವಿನ್ಯಾಸಕಿ ಮತ್ತು ಸಾಣೆಗಾರ ಸರಿಸಮಾನರಾಗಿ ಕುಳಿತು ಮಾಡಿದ ಈ ಕೆಲಸ ನನ್ನ ಲೆಕ್ಕದಲ್ಲಿ ಇಡೀ ಚಳವಳಿಯ ನಿಜವಾದ ಆರಂಭ. ಮುಂದಿನ ಪ್ರಯೋಗಗಳ ಬೀಜಗಳು ಬಹುತೇಕ ಇಲ್ಲಿವೆ. ಅವಳ ಕೃತಿಗಳ ದೊಡ್ಡ ಸಂಗ್ರಹ ಓಕ್‌ಲೆಂಡ್ ಮ್ಯೂಸಿಯಂ ಆಫ್ ಕ್ಯಾಲಿಫೋರ್ನಿಯಾದಲ್ಲಿದೆ.

ಇದಾರ್-ಓಬರ್‌ಸ್ಟೈನ್

ಜರ್ಮನಿಯ ರೈನ್‌ಲ್ಯಾಂಡ್-ಪ್ಯಾಲಟಿನೇಟ್ ರಾಜ್ಯದಲ್ಲಿ, ನಾಹೆ ನದಿಯ ದಡದ ಈ ಊರು ರತ್ನಕೆತ್ತನೆಯ ರಾಜಧಾನಿ ಎನ್ನಿಸಿಕೊಂಡದ್ದು ತಾನಾಗಿ ಒದಗಿದ ಭಾಗ್ಯದಿಂದಲ್ಲ. ಸುತ್ತಲಿನ ಗುಡ್ಡಗಳಲ್ಲಿ ಅಗೇಟ್ ಮತ್ತು ಜಾಸ್ಪರ್ ಸಿಗುತ್ತಿದ್ದವು. ಮಧ್ಯಯುಗದ ಕೊನೆಯಿಂದಲೇ ಅವನ್ನು ತೆಗೆಯುತ್ತಿದ್ದರು. ಹಳ್ಳದ ನೀರಿನಿಂದ ತಿರುಗುವ ಆಳೆತ್ತರದ ಮರಳುಗಲ್ಲಿನ ಚಕ್ರಗಳ ಮುಂದೆ, ಓರೆಯಾದ ಮರದ ಪೀಠದ ಮೇಲೆ ಹೊಟ್ಟೆಯಡಿಯಾಗಿ ಮಲಗಿ, ಕಾಲನ್ನು ಒತ್ತಿಟ್ಟು, ಇಡೀ ಮೈಯ ಬಲದಿಂದ ಕಲ್ಲನ್ನು ಚಕ್ರಕ್ಕೆ ಅದುಮಿ ಉಜ್ಜುತ್ತಿದ್ದರು. ಟೀಫೆನ್‌ಸ್ಟೈನ್‌ನಲ್ಲಿ ಉಳಿದಿರುವ ಜಲಚಕ್ರದ ಸಾಣೆಮನೆಯಲ್ಲಿ ಈ ಭಂಗಿಯನ್ನು ಇಂದಿಗೂ ನೋಡಬಹುದು. ಎದೆ ಒತ್ತಿಹೋದ ಆ ಭಂಗಿ ಮತ್ತು ಕಲ್ಲಿನ ದೂಳು ಸೇರಿ ಸಾಣೆಗಾರರ ಆಯುಸ್ಸನ್ನು ತಿಂದವು. ಊರಿನ ಕೀರ್ತಿಯನ್ನು ಹೇಳುವಾಗ ಇದನ್ನು ಬಿಡಬಾರದು.

19ನೆಯ ಶತಮಾನದ ಆರಂಭಕ್ಕೆ ಸ್ಥಳೀಯ ಅಗೇಟ್ ಮುಗಿಯುತ್ತ ಬಂತು. ಬಡತನಕ್ಕೆ ಊರು ಬಿಟ್ಟು ಬ್ರೆಜಿಲ್‌ಗೆ ಹೋದವರು ಅಲ್ಲಿನ ರಿಯೋ ಗ್ರಾಂಡೆ ದೊ ಸುಲ್ ಪ್ರದೇಶದಲ್ಲಿ ತಮ್ಮೂರಿನದೇ ಕಲ್ಲನ್ನು ರಾಶಿ ರಾಶಿಯಾಗಿ ಕಂಡರು. 1830ರ ದಶಕದಿಂದ ಅದು ಹಡಗಿನಲ್ಲಿ ತವರಿಗೆ ಬರತೊಡಗಿತು. ಗಣಿ ಬತ್ತಿದ ಊರು ದೂರದ ಕಲ್ಲಿನಿಂದ ಮತ್ತೆ ಉಸಿರಾಡಿತು. ಸೂಕ್ಷ್ಮ ರಂಧ್ರಗಳಿರುವ ಅಗೇಟನ್ನು ಜೇನು ಅಥವಾ ಸಕ್ಕರೆಯ ದ್ರಾವಣದಲ್ಲಿ ವಾರಗಟ್ಟಲೆ ನೆನೆಸಿ, ಆಮೇಲೆ ಗಂಧಕಾಮ್ಲದಲ್ಲಿ ಮುಳುಗಿಸಿದರೆ ಒಳಗಿನ ಸಕ್ಕರೆ ಕರಕಾಗಿ ಕಲ್ಲಿಗೆ ದಟ್ಟ ಕಪ್ಪು ಬರುತ್ತದೆ. ಈ ಬಣ್ಣ ಕಟ್ಟುವ ವಿದ್ಯೆಯೂ ಇಲ್ಲಿ ಉದ್ಯಮವಾಯಿತು. ಇದಾರ್, ಓಬರ್‌ಸ್ಟೈನ್ ಮತ್ತು ನೆರೆಯ ಹಳ್ಳಿಗಳು 1933ರಲ್ಲಿ ಒಂದೇ ಪಟ್ಟಣವಾದವು. ಒಂದೇ ಕಲ್ಲಿನಲ್ಲಿ ಕಪ್ಪೆ, ಹಂದಿ, ಘೇಂಡಾಮೃಗಗಳನ್ನು ಉಸಿರಿರುವಂತೆ ಕಡೆಯುವ ಡ್ರೆಹರ್ ಮನೆತನ ರಷ್ಯಾದ ಆಭರಣಕಾರ ಫಾಬೆರ್ಜೆಯ ಕಾಲದಿಂದಲೂ ಇಲ್ಲಿ ಕೆಲಸ ಮಾಡುತ್ತ ಬಂದಿದೆ.

ಈ ನೆಲದಲ್ಲಿ, ಹತ್ತಿರದ ಮೋರ್‌ಷೀಡ್ ಹಳ್ಳಿಯಲ್ಲಿ 1943ರಲ್ಲಿ ಹುಟ್ಟಿದವನು ಬರ್ನ್ಡ್ ಮುನ್‌ಸ್ಟೈನರ್. ಅಪ್ಪನ ಬಳಿ ಸಾಣೆ ಕಲಿತು, 1962ರಿಂದ 1966ರವರೆಗೆ ಫೋರ್ಟ್ಸ್‌ಹೈಮ್‌ನ ಕಲಾಶಾಲೆಯಲ್ಲಿ ವಿನ್ಯಾಸ ಓದಿದ. ಕೈಕಸುಬು ಮನೆಯಿಂದ ಬಂತು, ಅದನ್ನು ಪ್ರಶ್ನಿಸುವ ಧೈರ್ಯ ಶಾಲೆಯಿಂದ. ಸಾಂಪ್ರದಾಯಿಕ ಕಡಿತದಲ್ಲಿ ಮುಖಗಳೆಲ್ಲ ಹೊರಮೈಯಲ್ಲಿದ್ದು ಹರಳು ಉಬ್ಬಿಯೇ ಇರುತ್ತದೆ. ಮುನ್‌ಸ್ಟೈನರ್ ಹಿಂಬದಿಯಿಂದ ಹರಳಿನೊಳಕ್ಕೆ ಚೂಪಾದ ತೋಡುಗಳನ್ನು, ತಗ್ಗು ಮುಖಗಳನ್ನು ಕೊರೆದ. ಮುಂದಿನ ಮೈ ನಯವಾಗಿಯೇ ಉಳಿಯಿತು. ನೋಡುವವರಿಗೆ ಕಲ್ಲಿನ ಆಳದಲ್ಲಿ ಬೆಳಕಿನ ಪಟ್ಟಿಗಳು, ನಕ್ಷತ್ರಗಳು, ಒಂದರ ಹಿಂದೊಂದು ಬಾಗಿಲುಗಳು ಕಂಡವು. ಈ ಬಗೆಗೆ ‘ಫ್ಯಾಂಟಸಿ ಕಟ್’ ಎಂದು ಹೆಸರಾಯಿತು.

ಇದರ ಹಿಂದಿನ ಭೌತವಿಜ್ಞಾನ ಕಷ್ಟದ್ದಲ್ಲ. ಹರಳಿನೊಳಗೆ ಹೊಕ್ಕ ಬೆಳಕು ಹಿಂಬದಿಯ ಮೈಗೆ ತಾಗಿದಾಗ, ಸ್ಫಟಿಕದಲ್ಲಾದರೆ ಲಂಬದಿಂದ ಸುಮಾರು 40 ಡಿಗ್ರಿಗಿಂತ ಓರೆಯಾಗಿ ಬಿದ್ದರೆ, ಹೊರಗೆ ಹೋಗದೆ ಪೂರ್ತಿಯಾಗಿ ಒಳಕ್ಕೇ ಪ್ರತಿಫಲಿಸುತ್ತದೆ. ವಜ್ರದಲ್ಲಿ ಈ ಮಿತಿ ಸುಮಾರು 24 ಡಿಗ್ರಿ. ಹಾಗಾಗಿ ಹಿಂಬದಿಯ ಪ್ರತಿ ತೋಡೂ ಒಂದು ಕನ್ನಡಿ. ಆ ಕನ್ನಡಿಗಳು ಒಂದಕ್ಕೊಂದು ಎದುರಾದಾಗ ಎರಡು ಗೀರು ಹತ್ತಾಗಿ ಕಾಣುತ್ತವೆ. ಯಾವ ಕೋನದಲ್ಲಿ ಕೊರೆದರೆ ಎಷ್ಟು ಪ್ರತಿಬಿಂಬ, ಎಲ್ಲಿ ಕೊರೆದರೆ ಬೆಳಕು ಸೋರಿಹೋಗಿ ಕಲ್ಲು ಮಂಕಾಗುತ್ತದೆ ಎಂಬುದನ್ನು ಕೊರೆಯುವ ಮುಂಚೆಯೇ ಮನಸ್ಸಿನಲ್ಲಿ ಕಾಣಬೇಕು. ಕಳೆದ ಕಲ್ಲನ್ನು ಮತ್ತೆ ಹಚ್ಚಲಾಗದು.

ಮುನ್‌ಸ್ಟೈನರ್ ಕೃತಿಗಳಲ್ಲಿ ಜಗತ್ಪ್ರಸಿದ್ಧವಾದದ್ದು ‘ಡೋಮ್ ಪೆದ್ರೊ’. ಬ್ರೆಜಿಲ್‌ನ ಮಿನಾಸ್ ಜೆರೈಸ್ ರಾಜ್ಯದ ಪೆದ್ರಾ ಅಜುಲ್‌ನಲ್ಲಿ 1980ರ ದಶಕದ ಕೊನೆಯಲ್ಲಿ ದೊರೆತ ಭಾರಿ ಅಕ್ವಮರೀನ್ ಹರಳು ಕೆಳಗೆ ಬಿದ್ದು ಮೂರು ತುಂಡಾಯಿತು. ಚಿಕ್ಕ ತುಂಡುಗಳು ಮಾಮೂಲಿ ಹರಳುಗಳಾಗಿ ಕತ್ತರಿಸಿಹೋದವು. ಸುಮಾರು 60 ಸೆಂ.ಮೀ. ಉದ್ದದ ದೊಡ್ಡ ತುಂಡು ಇದಾರ್-ಓಬರ್‌ಸ್ಟೈನ್‌ಗೆ ಬಂತು. ಅದನ್ನೂ ನೂರಾರು ಉಂಗುರದ ಹರಳುಗಳಾಗಿ ಕತ್ತರಿಸಿದ್ದರೆ ಹಣ ಬೇಗ ಬರುತ್ತಿತ್ತು. ಮುನ್‌ಸ್ಟೈನರ್ ನಾಲ್ಕು ತಿಂಗಳು ಕಲ್ಲನ್ನು ಅಭ್ಯಾಸ ಮಾಡಿ, ರೇಖಾಚಿತ್ರಗಳನ್ನು ಬರೆದು, ಆರು ತಿಂಗಳು ಕಡೆದು 1993ರಲ್ಲಿ ಮುಗಿಸಿದ ಕೃತಿ 35 ಸೆಂ.ಮೀ. ಎತ್ತರದ ಚೂಪುಗಂಬ. ತೂಕ 10,363 ಕ್ಯಾರೆಟ್, ಅಂದರೆ ಎರಡು ಕಿಲೋಗ್ರಾಂಗಿಂತ ತುಸು ಹೆಚ್ಚು. ಬ್ರೆಜಿಲ್‌ನ ಇಬ್ಬರು ಪೆದ್ರೊ ಚಕ್ರವರ್ತಿಗಳ ಹೆಸರು ಹೊತ್ತ ಅದು 2012ರಿಂದ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಪ್ರಕೃತಿವಿಜ್ಞಾನ ಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿದೆ. ಹಿಂಬದಿಯ ಎರಡು ಮೈಗಳಲ್ಲಿ ಮೇಲಕ್ಕೇರುತ್ತ ಕಿರಿದಾಗುವ ನಕ್ಷತ್ರಾಕಾರದ ತೋಡುಗಳಿಂದ ಅದು ಒಳಗೇ ದೀಪವಿದ್ದಂತೆ ಬೆಳಗುತ್ತದೆ. ಮುನ್‌ಸ್ಟೈನರ್ 2024ರಲ್ಲಿ ತೀರಿಕೊಂಡ. ಷ್ಟಿಪ್ಸ್‌ಹೌಸೆನ್‌ನ ಕಾರ್ಯಶಾಲೆಯನ್ನು ಮಗ ಟಾಮ್ ಮುಂದುವರಿಸಿದ್ದಾನೆ.

ಹರಳನ್ನು ಹೊರಗಿಟ್ಟವರು

ಇತ್ತ ಆಭರಣದ ಕಡೆ ನಡೆದದ್ದೇ ಬೇರೆ. ನೆದರ್‌ಲ್ಯಾಂಡ್ಸಿನ ಖೈಸ್ ಬಾಕರ್ ಮತ್ತು ಎಮ್ಮಿ ವಾನ್ ಲೀರ್ಸುಮ್ ದಂಪತಿ 1960ರ ದಶಕದಲ್ಲಿ ಅಲ್ಯೂಮಿನಿಯಂ ತಗಡಿನ ಅಗಲವಾದ ಕೊರಳಪಟ್ಟಿಗಳನ್ನು ಮಾಡಿದರು. 1967ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸ್ಟೆಡಲಿಕ್ ಸಂಗ್ರಹಾಲಯ ಅವನ್ನು ಪ್ರದರ್ಶಿಸಿತು. ಬಾಕರ್ 1973ರಲ್ಲಿ ಇನ್ನೂ ಮುಂದೆ ಹೋದ. ತೋಳಿಗೆ ಬಿಗಿಯಾಗಿ ಸುತ್ತಿದ ಚಿನ್ನದ ತಂತಿಯನ್ನು ತೆಗೆದ ಮೇಲೆ ಚರ್ಮದ ಮೇಲೆ ಉಳಿಯುವ ಗುರುತೇ ಒಡವೆ ಎಂದ. ಮ್ಯೂನಿಕ್‌ನಲ್ಲಿ ನೆಲೆಸಿದ ಸ್ವಿಟ್ಜರ್ಲೆಂಡಿನ ಓಟ್ಟೊ ಕ್ಯೂನ್ಸ್ಲಿ 1980ರಲ್ಲಿ ಮಾಡಿದ ‘ಚಿನ್ನ ಕುರುಡಾಗಿಸುತ್ತದೆ’ ಎಂಬ ಬಳೆ ಕಪ್ಪು ರಬ್ಬರ್ ಕೊಳವೆಯದು. ಒಳಗೊಂದು ಚಿನ್ನದ ಗುಂಡು ಅಡಗಿದೆ, ಉಬ್ಬು ಮಾತ್ರ ಹೊರಗೆ ಕಾಣುತ್ತದೆ. ಚಿನ್ನ ನಿಜವೇ ಎಂದು ನೋಡಲು ರಬ್ಬರನ್ನು ಸೀಳಬೇಕು, ಸೀಳಿದರೆ ಕೃತಿ ಹಾಳು. ಇಷ್ಟು ಸರಳವಾಗಿ ಇಷ್ಟು ದೊಡ್ಡ ಪ್ರಶ್ನೆಯನ್ನು ಮುಂದಿಟ್ಟ ಆಭರಣ ಆ ಶತಮಾನದಲ್ಲಿ ಮತ್ತೊಂದಿಲ್ಲ.

ಈ ಧಾರೆಗೆ ಮ್ಯೂನಿಕ್ ಕೇಂದ್ರವಾಯಿತು. ಅಲ್ಲಿನ ಲಲಿತಕಲಾ ಅಕಾಡೆಮಿಯಲ್ಲಿ ಹರ್ಮನ್ ಯೂಂಗರ್ 1972ರಿಂದ 1990ರವರೆಗೆ, ಬಳಿಕ ಕ್ಯೂನ್ಸ್ಲಿ 2014ರವರೆಗೆ ಕಲಿಸಿದರು. ಕರಕುಶಲ ಮೇಳದ ಅಂಗವಾಗಿ 1959ರಿಂದ ನಡೆದುಬಂದಿರುವ ‘ಷ್ಮುಕ್’ ಪ್ರದರ್ಶನಕ್ಕೆ ಪ್ರತಿವರ್ಷ ಲೋಕದ ಎಲ್ಲೆಡೆಯಿಂದ ಆಭರಣಕಾರರು ಬರುತ್ತಾರೆ. ಅಲ್ಲಿ ಕೊಡುವ ಹರ್ಬರ್ಟ್ ಹಾಫ್‌ಮನ್ ಪ್ರಶಸ್ತಿ ಈ ಕ್ಷೇತ್ರದ ಗೌರವಗಳಲ್ಲೊಂದು. ಕಾಗದ, ಪ್ಲಾಸ್ಟಿಕ್, ಕಬ್ಬಿಣ, ಕಟ್ಟಿಗೆ, ಕಸ ಎಲ್ಲಕ್ಕೂ ಬಾಗಿಲು ತೆರೆದ ಈ ಲೋಕದಲ್ಲಿ ರತ್ನಕ್ಕೆ ಮಾತ್ರ ಬಹುಕಾಲ ಅನುಮಾನದ ನೋಟವೇ ಎದುರಾಯಿತು. ಅಂತಸ್ತಿನ ವಿರುದ್ಧದ ದಂಗೆ ನ್ಯಾಯವಾದದ್ದೇ. ಆದರೆ ಕಲ್ಲಿನ ತಪ್ಪೇನೂ ಇರಲಿಲ್ಲ, ಬೆಲೆಪಟ್ಟಿ ಬರೆದವರು ಮನುಷ್ಯರು.

ಕಲ್ಲು ಮರಳಿದ ಬಗೆ

ಮರಳಿ ಬಂದ ಕಲ್ಲು ಹಳೆಯ ಗೌರವದೊಂದಿಗೆ ಬರಲಿಲ್ಲ. ಜ್ಯೂರಿಕ್‌ನ ಬರ್ನ್‌ಹಾರ್ಡ್ ಷೋಬಿಂಗರ್ ಒಡೆದ ಬಾಟಲಿಗಳ ಕತ್ತುಗಳನ್ನು ಪೋಣಿಸಿ ಸರ ಮಾಡಿದ. ಚೂಪು ಗಾಜಿನ ಪಕ್ಕದಲ್ಲೇ ಮುತ್ತು, ವಜ್ರಗಳನ್ನೂ ಕೂರಿಸಿದ. 1963ರಲ್ಲಿ ಹುಟ್ಟಿ, ಯೂಂಗರ್ ಮತ್ತು ಕ್ಯೂನ್ಸ್ಲಿಯರ ಶಿಷ್ಯನಾಗಿ, ಈಗ ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ ನೆಲೆಸಿರುವ ಕಾರ್ಲ್ ಫ್ರಿಟ್ಷ್ ಉಂಗುರದ ಮೇಲೆ ಹರಳುಗಳನ್ನು ಗುಡ್ಡೆ ಹಾಕುತ್ತಾನೆ. ಅಸಲಿ ಮಾಣಿಕ್ಯದ ಪಕ್ಕ ಕೃತಕ ಕಲ್ಲು. ಕೆಲವು ಹರಳುಗಳಿಗೆ ನಟ್ಟನಡುವೆ ರಂಧ್ರ ಕೊರೆದು ಸ್ಕ್ರೂ ಹಾಕಿ ಬಿಗಿಯುತ್ತಾನೆ. ಹರಳನ್ನು ಕೊರೆದರೆ ಬೆಲೆ ಹೋಯಿತು ಎಂದು ನಂಬಿದ ವ್ಯಾಪಾರಕ್ಕೆ ಇದು ಎದೆ ನಡುಗಿಸುವ ಕೆಲಸ. ಫ್ರಿಟ್ಷ್‌ನ ಉಂಗುರಗಳಲ್ಲಿ ಹರಳು ಹಬ್ಬದ ಮಕ್ಕಳಂತೆ ಸ್ವಚ್ಛಂದವಾಗಿದೆ.

ಇಂಗ್ಲೆಂಡಿನ ಷಾರ್ಲಟ್ ಡಿ ಸಿಲ್ಲಾಸ್ ಹಿಡಿದದ್ದು ಇದಕ್ಕೆ ತದ್ವಿರುದ್ಧವಾದ, ಬಹಳ ನಿಧಾನದ ದಾರಿ. ಜೇಡ್, ಲ್ಯಾಬ್ರಡೊರೈಟ್ ಮುಂತಾದ ಕಲ್ಲುಗಳನ್ನು ಆಕೆ ಸ್ವತಃ ಕಡೆದು, ತುಂಡುಗಳನ್ನು ಸಂದು ಕಾಣದಂತೆ ಜೋಡಿಸಿ ಸರಗಳನ್ನೂ ಉಂಗುರಗಳನ್ನೂ ಮಾಡುತ್ತಾಳೆ, ಅವನ್ನಿಡುವ ಪೆಟ್ಟಿಗೆಯನ್ನೂ ತಾನೇ ರೂಪಿಸುತ್ತಾಳೆ.

ಎರಡು ಧಾರೆಗಳು ಒಂದೇ ಸೂರಿನಡಿ ಸೇರಿದ್ದು ಇದಾರ್-ಓಬರ್‌ಸ್ಟೈನ್‌ನಲ್ಲೇ. 1986ರಲ್ಲಿ ಅಲ್ಲಿ ಆರಂಭವಾದ, ಇಂದು ಟ್ರಿಯರ್ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ರತ್ನ ಮತ್ತು ಆಭರಣ ವಿಭಾಗದಲ್ಲಿ ಕಲ್ಲು ಕಡೆಯುವುದನ್ನು ಲಲಿತಕಲೆಯಾಗಿ ಕಲಿಸುತ್ತಾರೆ. ಥೇಯೊ ಸ್ಮೇಟ್ಸ್, ಊಟೆ ಐಟ್ಸೆನ್‌ಹೋಫರ್ ಮೊದಲಾದವರ ಕೈಕೆಳಗೆ ದೇಶ ದೇಶಗಳ ವಿದ್ಯಾರ್ಥಿಗಳು ಇಲ್ಲಿ ಕಲಿತಿದ್ದಾರೆ. 1873ರಲ್ಲಿ ಸ್ಥಾಪನೆಯಾಗಿ ಗಡಿಯಾರದ ಸರಪಳಿಗಳಿಗೂ ಆಮೇಲೆ ಆರ್ಟ್ ಡೆಕೊ ಶೈಲಿಯ ಆಭರಣಕ್ಕೂ ಹೆಸರಾಗಿದ್ದ ಯಾಕೋಬ್ ಬೆಂಗಲ್ ಕಾರ್ಖಾನೆ ಈಗ ಸಂಗ್ರಹಾಲಯವಾಗಿದ್ದು, ಕಲಾವಿದರು ಬಂದು ಉಳಿದು ಕೆಲಸ ಮಾಡುವುದಕ್ಕೂ ಜಾಗ ಕೊಡುತ್ತದೆ. ಹಳೆಯ ಸಾಣೆಗಾರರು ಪಕ್ಕದ ಬೀದಿಯಲ್ಲೇ ಇರುವುದರಿಂದ ವಿದ್ಯಾರ್ಥಿ ಮೇಜಿನ ಮೇಲೆ ಬಿಡಿಸಿದ ಕನಸನ್ನು ಕಲ್ಲು ಒಪ್ಪುತ್ತದೋ ಇಲ್ಲವೋ ಎಂದು ಕೇಳಿ ತಿಳಿಯಬಹುದು. ಬೇರೆ ಕಲಾಶಾಲೆಗಳಿಗೆ ಈ ಅನುಕೂಲವಿಲ್ಲ.

ಅಗೇಟನ್ನು ಮೈಯಿಂದ ಬಿಡಿಸಿ ಗೋಡೆಗೇರಿಸಿದ ಉದಾಹರಣೆಯೂ ಒಂದಿದೆ. ಚಿತ್ರಕಾರ ಸಿಗ್ಮಾರ್ ಪೋಲ್ಕೆ ಜ್ಯೂರಿಕ್‌ನ ಗ್ರಾಸ್‌ಮ್ಯೂನ್ಸ್ಟರ್ ಚರ್ಚಿಗೆ 2009ರಲ್ಲಿ ಮುಗಿಸಿದ ಕಿಟಕಿಗಳಲ್ಲಿ ಏಳನ್ನು ತೆಳುವಾಗಿ ಸೀಳಿದ ಅಗೇಟ್ ಹೋಳುಗಳಿಂದಲೇ ತುಂಬಿದ.

ನ್ಯೂಜಿಲೆಂಡ್

ಇಲ್ಲಿ ಕಲ್ಲಿನ ಪ್ರಶ್ನೆ ನೆಲದ ಪ್ರಶ್ನೆಯೂ ಹೌದು. ದಕ್ಷಿಣ ದ್ವೀಪದಲ್ಲಿ ಸಿಗುವ ಹಸಿರು ಜೇಡ್ ಕಲ್ಲು, ಪೌನಾಮು, ಮಾವೊರಿ ಜನರಿಗೆ ಕುಲದ ಆಸ್ತಿ. ಅದರಲ್ಲಿ ಕೆತ್ತಿದ ಹೇ-ಟಿಕಿ ಪದಕ ತಲೆಮಾರಿನಿಂದ ತಲೆಮಾರಿಗೆ ಹೋಗುತ್ತದೆ. 1997ರ ಕಾನೂನು ಪೌನಾಮುವಿನ ಒಡೆತನವನ್ನು ಸರಕಾರದಿಂದ ಬಿಡಿಸಿ ಎನ್‌ಗಾಯ್ ತಾಹು ಬುಡಕಟ್ಟಿಗೆ ಮರಳಿಸಿತು.

1988ರ ‘ಮೂಳೆ ಕಲ್ಲು ಚಿಪ್ಪು’ ಎಂಬ ಸಂಚಾರಿ ಪ್ರದರ್ಶನವನ್ನು ಶಿಲ್ಪಿ ಜಾನ್ ಎಡ್ಗರ್ ರೂಪಿಸಿದ. ಯುರೋಪಿನ ಮಾದರಿಯನ್ನು ಬಿಟ್ಟು ಪೆಸಿಫಿಕ್ ಸಾಗರದ ಸಾಮಗ್ರಿಗಳಲ್ಲಿ ಮಾತಾಡುವ ಆಭರಣಕಾರರನ್ನು ಅದು ಹೊರಲೋಕಕ್ಕೆ ಪರಿಚಯಿಸಿತು. ವಾರ್ವಿಕ್ ಫ್ರೀಮನ್ ಜ್ವಾಲಾಮುಖಿಯ ಕಲ್ಲು, ಚಿಪ್ಪು, ಜೇಡ್‌ಗಳಲ್ಲಿ ನಕ್ಷತ್ರ, ಎಲೆ, ಹೃದಯದಂಥ ಸರಳ ಲಾಂಛನಗಳನ್ನು ಕಡೆದ. ಜೋ ಷೀಹನ್ ಜೇಡ್‌ನಲ್ಲಿ ವಿದ್ಯುತ್ ಬಲ್ಬು, ಕ್ಯಾಸೆಟ್ಟು, ಟಿವಿಯ ರಿಮೋಟ್ ಮುಂತಾದವನ್ನು ಯಥಾವತ್ತಾಗಿ ಕೆತ್ತುತ್ತಾನೆ. ಪೂಜ್ಯವಾದ ಕಲ್ಲಿನಲ್ಲಿ ನಾಳೆ ಎಸೆಯುವ ವಸ್ತು. ಪ್ರವಾಸಿಗರಿಗೆಂದು ಒಂದೇ ಅಚ್ಚಿನ ಪದಕಗಳನ್ನು ಮಾರುವ ಅಂಗಡಿಗಳ ನಡುವೆ ಆ ಕಲ್ಲಿಗೆ ಏನಾಗಿದೆ ಎಂದು ಅವನ ಕೆಲಸ ನೇರವಾಗಿ ಕೇಳುತ್ತದೆ.

ಹಾಂಗ್‌ಕಾಂಗ್ ಮತ್ತು ಅಮೆರಿಕ

1956ರಲ್ಲಿ ಚೀನಾದ ಫೂಜೌನಲ್ಲಿ ಹುಟ್ಟಿ ಹಾಂಗ್‌ಕಾಂಗ್‌ನಲ್ಲಿ ಬೆಳೆದ ವ್ಯಾಲೇಸ್ ಚಾನ್ ಹದಿಹರೆಯದಲ್ಲೇ ಕಲ್ಲು ಕೆತ್ತುವ ಕೆಲಸಕ್ಕೆ ಸೇರಿದವನು. 1987ರಲ್ಲಿ ಅವನು ಸಿದ್ಧಪಡಿಸಿದ ‘ವ್ಯಾಲೇಸ್ ಕಟ್’ ತಗ್ಗುಕೆತ್ತನೆಯನ್ನೂ ಮುಖಗಳ ಪ್ರತಿಫಲನವನ್ನೂ ಬೆಸೆಯುತ್ತದೆ. ಪಾರದರ್ಶಕ ಹರಳಿನ ಹಿಂಬದಿಯಲ್ಲಿ ಒಂದೇ ಮುಖವನ್ನು ಒಳಮುಖವಾಗಿ, ಎಡಬಲ ತಿರುಗಿಸಿ, ಕೊರೆಯುತ್ತಾನೆ. ಮುಂದಿನಿಂದ ನೋಡಿದರೆ ಅದು ಉಬ್ಬಿದಂತೆ, ಸುತ್ತಲೂ ಹಲವು ಮುಖಗಳಾಗಿ ಕಾಣುತ್ತದೆ. ಹಲ್ಲಿನ ವೈದ್ಯರ ಬೈರಿಗೆಯನ್ನು ತನಗೆ ಬೇಕಾದಂತೆ ಮಾರ್ಪಡಿಸಿಕೊಂಡ. ಅದರ ವೇಗಕ್ಕೆ ಕಲ್ಲು ಕಾದು ಬಿರಿಯುವುದರಿಂದ ನೀರಿನೊಳಗೇ ಕೊರೆಯಬೇಕಾಯಿತು. ನೀರಿನಲ್ಲಿ ಕೆತ್ತಿದ್ದು ಸ್ಪಷ್ಟ ಕಾಣದು. ಹಾಗಾಗಿ ಒಂದು ಗೀರು, ಹೊರತೆಗೆದು ಒರೆಸಿ ನೋಡುವುದು, ಮತ್ತೆ ನೀರು. ಆಮೇಲೆ ಅವನು ಹರಳುಗಳಿಗೆ ಟೈಟೇನಿಯಂ ಚೌಕಟ್ಟುಗಳನ್ನು ರೂಪಿಸಿ ಬೇರೆಯದೇ ಬಗೆಯ ಖ್ಯಾತಿ ಪಡೆದ. ಅವನ ದುಬಾರಿ ಆಭರಣಗಳಿಗಿಂತ ಆ ಮೊದಲ ಕೆತ್ತನೆಗಳೇ ಹೆಚ್ಚಿನವು ಎಂಬುದು ನನ್ನ ಅಭಿಪ್ರಾಯ.

ಅಮೆರಿಕದ ಮೈಕಲ್ ಡೈಬರ್ ಹರಳಿನ ಹಿಂಬದಿಯಲ್ಲಿ ನುಣುಪಾದ ಬಟ್ಟಲಿನಂಥ ಗುಳಿಗಳನ್ನೂ ಕೊಳವೆಗಳನ್ನೂ ಕೊರೆಯುತ್ತಾನೆ, ಅವು ಒಳಗೆ ಗುಳ್ಳೆಗಳಂತೆ ತೇಲುತ್ತವೆ. ಗ್ಲೆನ್ ಲೇರರ್ ಹರಳಿನ ನಡುವೆ ರಂಧ್ರ ತೆಗೆದು ಉಂಗುರದ ಆಕಾರ ಕೊಟ್ಟ, ಆ ಖಾಲಿಯಲ್ಲಿ ಇನ್ನೊಂದು ಹರಳು ಕೂರುತ್ತದೆ.

ಸಾಧನ ಮತ್ತು ವಿಧಾನ

ಕಲ್ಲನ್ನು ಅದರಷ್ಟೇ ಅಥವಾ ಅದಕ್ಕಿಂತ ಗಟ್ಟಿಯಾದದ್ದು ಮಾತ್ರ ತೇಯಬಲ್ಲದು. ಗಟ್ಟಿತನ ಅಳೆಯುವ ಮೋಸ್ ಮಾನದಲ್ಲಿ ಸ್ಫಟಿಕ ಮತ್ತು ಅಗೇಟ್ 7, ಅಕ್ವಮರೀನ್ 7.5ರಿಂದ 8, ಮಾಣಿಕ್ಯ ಮತ್ತು ನೀಲ 9, ವಜ್ರ 10. 1890ರ ದಶಕದಲ್ಲಿ ಕೃತಕವಾಗಿ ತಯಾರಾದ ಸಿಲಿಕಾನ್ ಕಾರ್ಬೈಡ್, ಬಳಿಕ ಲೋಹದ ಮೇಲೆ ವಜ್ರದ ಪುಡಿ ಅಂಟಿಸಿದ ಚಕ್ರ ಮತ್ತು ಮೊನೆಗಳು ಕೆಲಸದ ವೇಗವನ್ನೇ ಬದಲಿಸಿದವು. ಸಾಂಪ್ರದಾಯಿಕ ಕೆತ್ತನೆಯಲ್ಲಿ ಮೊನೆ ಒಂದೆಡೆ ನಿಂತು ತಿರುಗುತ್ತದೆ, ಕುಶಲಿ ಎರಡೂ ಕೈಗಳಲ್ಲಿ ಕಲ್ಲನ್ನು ಹಿಡಿದು ಮೊನೆಗೆ ಒಡ್ಡುತ್ತಾನೆ. ಕೈಯಲ್ಲಿ ಹಿಡಿವ ಬೈರಿಗೆಯಲ್ಲಿ ಇದು ತಿರುಗುಮುರುಗು. ಮೊದಲನೆಯದರಲ್ಲಿ ಹಿಡಿತ ಹೆಚ್ಚು, ಎರಡನೆಯದರಲ್ಲಿ ಸ್ವಾತಂತ್ರ್ಯ ಹೆಚ್ಚು. ಮೆರುಗಿಗೆ ಸ್ಫಟಿಕಕ್ಕಾದರೆ ಸೀರಿಯಂ ಆಕ್ಸೈಡ್, ಜೇಡ್‌ಗೆ ಕ್ರೋಮಿಯಂ ಆಕ್ಸೈಡ್, ಮಾಣಿಕ್ಯಕ್ಕೆ ವಜ್ರದ ಪುಡಿ ಬೇಕು. ಚೂಪಾದ ತೋಡಿನ ತಳಕ್ಕೆ ಮೆರುಗು ಬರಿಸುವುದು ಇಡೀ ಕೆಲಸದಲ್ಲಿ ಅತಿ ಕಷ್ಟದ ಹಂತ. ಅಲ್ಲಿ ಒಂದು ಗೀರು ಉಳಿದರೂ ಅದು ಹತ್ತು ಪ್ರತಿಬಿಂಬಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಗಟ್ಟಿತನ ಬೇರೆ, ತಾಳಿಕೆ ಬೇರೆ. ನೆಫ್ರೈಟ್ ಜೇಡ್‌ನ ಗಟ್ಟಿತನ 6ರಿಂದ 6.5 ಅಷ್ಟೇ. ಆದರೆ ಅದರ ನಾರುಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಹೊಡೆತಕ್ಕೆ ಸುಲಭವಾಗಿ ಒಡೆಯದು. ತೆಳುವಾದ ಎಲೆ, ಸರಪಳಿಗಳನ್ನು ಅದರಲ್ಲಿ ಕಡೆಯಬಹುದು. ಗಟ್ಟಿತನ 8 ಇರುವ ಟೋಪಾಜ್ ಒಂದೇ ದಿಕ್ಕಿನಲ್ಲಿ ಸಲೀಸಾಗಿ ಸೀಳುತ್ತದೆ. ಟೂರ್ಮಲೀನ್ ಒಳಒತ್ತಡದಿಂದ ತಟ್ಟನೆ ಬಿರಿಯಬಹುದು. ತಿಂಗಳ ದುಡಿಮೆ ಕೊನೆಯ ಗಂಟೆಯಲ್ಲಿ ಎರಡು ಹೋಳಾಗುವುದು ಈ ಕಸುಬಿನಲ್ಲಿ ಹೊಸ ಸುದ್ದಿಯಲ್ಲ.

ಇಂದಿನ ಪ್ರಶ್ನೆಗಳು

ಫ್ಯಾಂಟಸಿ ಕಟ್ ಈಗ ಒಬ್ಬನ ಶೈಲಿಯಾಗಿ ಉಳಿದಿಲ್ಲ. ಕಾರ್ಖಾನೆಗಳಲ್ಲಿ ಅದೇ ತೋಡುಗಳನ್ನು ಸಾವಿರಾರು ಹರಳುಗಳ ಮೇಲೆ ಹೊಡೆಯಲಾಗುತ್ತಿದೆ. ಗಣಕಯಂತ್ರದ ಹಿಡಿತದಲ್ಲಿ ಚಲಿಸುವ ಕೆತ್ತನೆಯಂತ್ರಗಳು ಜೇಡ್ ಪದಕಗಳನ್ನು ಎಣೆಯಿಲ್ಲದೆ ಹೊರಹಾಕುತ್ತವೆ. ಯಂತ್ರಕ್ಕೆ ಒಗ್ಗುವುದು ಒಳಗೆ ಬಿರುಕಿಲ್ಲದ, ಒಂದೇ ಬಗೆಯ ಕಲ್ಲು. ಆದ್ದರಿಂದ ಬಿರುಕು, ಮೋಡ, ಬಣ್ಣದ ಪಟ್ಟೆಗಳಿರುವ ಕಲ್ಲು ಈಗಲೂ ಮನುಷ್ಯನ ಕೈಗೇ ಕಾಯುತ್ತದೆ, ಡಿ ಪಟ್ಟಾ ಆರಿಸಿದ ಕಲ್ಲೂ ಅಂಥದ್ದೇ.

ಭಾರತದಲ್ಲಿ ಕೈಕಸುಬು ಹೇರಳವಾಗಿದೆ, ಪ್ರಯೋಗಕ್ಕೆ ಇಂಬು ಕಡಿಮೆ. ಜೈಪುರ ಪಚ್ಚೆ ಕತ್ತರಿಸುವ ಜಗತ್ತಿನ ದೊಡ್ಡ ಕೇಂದ್ರಗಳಲ್ಲೊಂದು. ಮೊಗಲ್ ಮಾದರಿಯ ಹೂಬಳ್ಳಿಗಳನ್ನು ಪಚ್ಚೆಯ ಮೇಲೆ ಕೆತ್ತುವ ಕುಶಲಿಗಳು ಅಲ್ಲಿದ್ದಾರೆ. ಅವರ ಕೆಲಸಕ್ಕೆ ಬೆಲೆ ಕಟ್ಟುವ ಮಾರುಕಟ್ಟೆ ಕೇಳುವುದು ಹಳೆಯ ನಮೂನೆಯನ್ನೇ. ಕರ್ನಾಟಕದ ಮೈಸೂರು, ಚನ್ನಪಟ್ಟಣ ಸೀಮೆಯಲ್ಲಿ ಸಿಗುವ ಮಾಣಿಕ್ಯದ ಜಾತಿಯ ಮಬ್ಬುಗೆಂಪಿನ ಕುರುಂದ ಕಲ್ಲು ಗುಮ್ಮಟಾಕಾರಕ್ಕೆ ಸಾಣೆ ಹಿಡಿದಾಗ ಒಳಗಿನ ಸೂಜಿಗಳಿಂದ ಆರು ಕಿರಣದ ನಕ್ಷತ್ರ ತೋರುತ್ತದೆ. ಉತ್ತಮ ಮಾಣಿಕ್ಯದ ಸಾಲಿಗೆ ಸೇರದ ಕಾರಣ ಅದು ಅಗ್ಗ. ಒಳಸೂಜಿಯನ್ನೇ ಸೌಂದರ್ಯವಾಗಿಸಿದ ಈ ಚರಿತ್ರೆಯನ್ನು ಬಲ್ಲ ಕಲಾವಿದರಿಗೆ ಅದು ಒಳ್ಳೆಯ ಸಾಮಗ್ರಿ ಆಗಬಲ್ಲದು.

ಖಂಭಾತದ್ದು ಹೆಚ್ಚು ನೋವಿನ ಸಂಗತಿ. ಅಲ್ಲಿ ಮನೆಗಳಲ್ಲೇ ನಡೆಯುವ ಒಣ ಸಾಣೆಯಿಂದ ಏಳುವ ಸಿಲಿಕಾ ದೂಳು ಶ್ವಾಸಕೋಶಕ್ಕೆ ಸೇರಿ ಸಿಲಿಕೋಸಿಸ್ ತರುತ್ತದೆ. ಗುಣಪಡಿಸಲಾಗದ ಈ ಕಾಯಿಲೆ ಸಾಣೆ ಹಿಡಿಯುವವರಿಗೂ ಅದೇ ಸೂರಿನಡಿ ಉಸಿರಾಡುವ ಮನೆಮಂದಿಗೂ ತಗಲುತ್ತದೆ. ನೀರು ಹರಿಸುತ್ತ ಉಜ್ಜುವುದು, ದೂಳನ್ನು ಎಳೆದುಕೊಳ್ಳುವ ಕೊಳವೆ ಹಾಕುವುದು ಗೊತ್ತಿರುವ ಪರಿಹಾರಗಳು. ಯುರೋಪಿನ ಕಾರ್ಯಶಾಲೆಗಳಲ್ಲಿ ನೀರಿಲ್ಲದೆ ಚಕ್ರ ತಿರುಗುವುದಿಲ್ಲ. ಮಣಿಗೆ ಇಷ್ಟು ಎಂದು ಕೂಲಿ ಪಡೆಯುವ ಕೆಲಸಗಾರನಿಗೆ ಆ ವ್ಯವಸ್ಥೆಯ ಖರ್ಚು ಮತ್ತು ಅದರಿಂದ ಕುಗ್ಗುವ ವೇಗ ಎರಡೂ ಭಾರ. ಅಗೇಟ್ ಮಣಿಯನ್ನು ಕೊಳ್ಳುವ ವಿನ್ಯಾಸಕರು, ರಫ್ತುದಾರರು ಆ ಖರ್ಚನ್ನು ಬೆಲೆಯಲ್ಲಿ ಸೇರಿಸಿಕೊಂಡರೆ ಒದ್ದೆ ಸಾಣೆ ಅಲ್ಲಿಯೂ ನಡೆಯಬಹುದು.